ಎರಕದ ಶೆಡ್ಡಿನ ಮಜ್ಜಿಗೆ

ಹೊಸ ಮಡಕೆ ತಂದ ದಿನವೇ ಅದರಲ್ಲಿ ಕುಡಿಯುವ ನೀರು ತುಂಬಬೇಡಿ. ಒಂದು ಹಗಲು ಅದನ್ನು ತೊಟ್ಟಿಯಲ್ಲಿ ಮುಳುಗಿಸಿಡಿ. ಆಮೇಲೆ ಅಕ್ಕಿ ತೊಳೆದ ನೀರು ತುಂಬಿಟ್ಟು, ಮಾರನೆಯ ದಿನ ಚೆಲ್ಲಿ, ತೆಂಗಿನ ನಾರಿನಿಂದ ಒಳಗೆ ಮೆಲ್ಲಗೆ ಉಜ್ಜಿ. ಸೋಪು ಮಾತ್ರ ಮುಟ್ಟಿಸಬೇಡಿ. ಮಡಕೆಗೆ ಒಂದು ಸಲ ಸೋಪು ಕುಡಿಸಿದರೆ ಅದು ಬೇಸಿಗೆಯೆಲ್ಲ ನಿಮಗೆ ಸೋಪು ಕುಡಿಸುತ್ತದೆ.

ನಿಮ್ಮ ಕೆಲಸ ಏನಾಗಿತ್ತು ಎಂದು ಯಾರಾದರೂ ಕೇಳಿದರೆ ನಾನು ಶುರು ಮಾಡುವುದು ಇಲ್ಲಿಂದಲೇ. ಕೇಳಿದವರು ನಗುತ್ತಾರೆ. ಭದ್ರಾವತಿಯ ಎರಕದ ಕಾರ್ಖಾನೆಯಲ್ಲಿ ಇಷ್ಟು ವರ್ಷ ಇದ್ದವನು ಕಬ್ಬಿಣದ ಮಾತಾಡುವುದು ಬಿಟ್ಟು ಮಡಕೆಯ ಮಾತಾಡುತ್ತಾನಲ್ಲ ಎಂದು. ಏನು ಮಾಡಲಿ, ಕಬ್ಬಿಣ ಹೊತ್ತವರು ಬೇರೆ. ನಾನು ಅವರಿಗೆ ನೀರು ಕೊಟ್ಟವನು. ಕಾಗದದಲ್ಲಿ ನನ್ನ ಹುದ್ದೆಗೆ ಏನೋ ಹೆಸರಿತ್ತು. ಶೆಡ್ಡಿನಲ್ಲಿ ಎಲ್ಲರೂ ಕರೆಯುತ್ತಿದ್ದುದು ನೀರು ತಿಮ್ಮಪ್ಪ ಎಂದು. ಮಜ್ಜಿಗೆ ಬಂದ ಮೇಲೆ ಮಜ್ಜಿಗೆ ತಿಮ್ಮಪ್ಪನಾದೆ. ನನಗೆ ಸಿಕ್ಕ ಬಡ್ತಿ ಅದೊಂದೇ ಅಂತ ಇಟ್ಟುಕೊಳ್ಳಿ.

ಈಗ ಕಾರ್ಖಾನೆಗಳಲ್ಲಿ ಕೆಲಸಗಾರರ ಆರೋಗ್ಯ ನೋಡಿಕೊಳ್ಳಲು ಬೇರೆ ವಿಭಾಗವೇ ಇದೆಯಂತೆ. ಓದಿದವರು ಅಲ್ಲಿಗೆ ಸೇರುತ್ತಾರಂತೆ. ಅವರಿಗೆ ಉಪಯೋಗವಾದೀತು ಎಂದು ಇದನ್ನು ಟೈಪ್ ಮಾಡುತ್ತಿದ್ದೇನೆ. ನನಗೆ ಅಕ್ಷರ ಬಂದದ್ದೇ ಮೀಸೆ ಬಂದ ಎಷ್ಟೋ ಕಾಲದ ಮೇಲೆ, ಶಿವಮೊಗ್ಗೆಯ ದುರ್ಗಿಗುಡಿಯ ಒಂದು ಮನೆಯ ಜಗಲಿಯಲ್ಲಿ ಸಂಜೆ ಹೊತ್ತು ನಡೆಯುತ್ತಿದ್ದ ದೊಡ್ಡವರ ಶಾಲೆಯಲ್ಲಿ. ಬೆರಳು ನಿಧಾನ. ಆದರೆ ಹೇಳಬೇಕಾದದ್ದು ಮರೆತಿಲ್ಲ.

ನಾನು ಸೇರಿದ್ದು ಇಪ್ಪತ್ತರ ದಶಕದ ಕೊನೆಗೆ. ಶಿವಮೊಗ್ಗೆಯಿಂದ ಬೆಳಗಿನ ರೈಲಿಗೆ ಹೋಗಿ, ಶೆಡ್ಡಿನ ಬಾಗಿಲಲ್ಲಿ ಕೈ ಕಟ್ಟಿ ನಿಂತೆ. ನಮ್ಮ ಶೆಡ್ಡಿಗೆ ನರಸಿಂಗರಾಯರು ಎಂಬ ಫೋರ್ಮನ್ ಇದ್ದರು. ಕುಳ್ಳಗೆ, ಖಾಕಿ ಕೋಟು, ಯಾವಾಗಲೂ ಬೆವರುವ ಹಣೆ.

"ಏನು ಬರುತ್ತಯ್ಯಾ ನಿನಗೆ?" ಅಂದರು.

"ಏನು ಹೇಳಿದ್ರೂ ಮಾಡ್ತೀನಿ ಸ್ವಾಮಿ."

"ಏನು ಹೇಳಿದ್ರೂ ಮಾಡ್ತೀನಿ ಅನ್ನೋರು ನನ್ನ ಹತ್ರ ಬೇಕಾದಷ್ಟು ಜನ ಇದಾರೆ. ಹೇಳದೇನೆ ಮಾಡೋನು ಒಬ್ಬ ಬೇಕು. ಹೋಗು, ಆ ಮೂಲೆಲಿ ನೀರಿನ ಡ್ರಮ್ಮು ಇದೆ, ನೋಡ್ಕೋ."

ಹೋಗಿ ನೋಡಿದೆ. ತಗಡಿನ ಡ್ರಮ್ಮು. ಬಿಸಿಲು ಬೀಳುವ ಗೋಡೆಗೆ ಒರಗಿಸಿಟ್ಟಿದ್ದರು. ಕೈ ಅದ್ದಿದರೆ ಸ್ನಾನದ ನೀರಿನ ಹಾಗೆ ಬೆಚ್ಚಗಿತ್ತು. ಎದುರಿಗೆ ಕಬ್ಬಿಣ ಕರಗುವ ಒಲೆ, ಮೇಲೆ ತಗಡಿನ ಚಾವಣಿ, ಹೊರಗೆ ಚೈತ್ರದ ಬಿಸಿಲು. ಇಂಥ ಕಡೆ ದುಡಿಯುವವನು ಈ ನೀರು ಕುಡಿಯಬೇಕು. ಯಾರೂ ಹೇಳದೇನೆ ನಾನು ಮಾಡಿದ ಮೊದಲ ಕೆಲಸ ಎಂದರೆ ಡ್ರಮ್ಮನ್ನು ಉರುಳಿಸಿಕೊಂಡು ಹೋಗಿ ಹಿಂದಿನ ಹೊಂಗೆ ಮರದ ಕೆಳಗೆ ನಿಲ್ಲಿಸಿದ್ದು. ಮಾರನೆಯ ವಾರ ಅಲ್ಲೇ ಮರಳು ಹಾಸಿ, ಮರಳಿಗೆ ನೀರು ಚಿಮುಕಿಸಿ, ಮೇಲೆ ಮಡಕೆ ಕೂರಿಸಿದೆ. ಬಾಯಿಗೆ ಒದ್ದೆ ಬಟ್ಟೆ ಕಟ್ಟಿದೆ. ದುರ್ಗಿಗುಡಿಯ ಅಂಗಡಿಯಿಂದ ಲಾವಂಚದ ಬೇರು ತಂದು ಒಂದೊಂದು ಕಟ್ಟು ಒಳಗೆ ಬಿಟ್ಟೆ.

ಇದರಲ್ಲಿ ನಾನು ಕಂಡುಹಿಡಿದದ್ದು ಏನೂ ಇಲ್ಲ. ಯುಗಾದಿ ಕಳೆದ ಕೂಡಲೇ ನಮ್ಮ ಅವ್ವ ಮನೆಯ ರೀತಿಯನ್ನೇ ಬದಲಾಯಿಸುತ್ತಿದ್ದಳು. ಬೆಳಿಗ್ಗೆ ಬಿಸಿ ರೊಟ್ಟಿ ನಿಂತು ರಾಗಿ ಅಂಬಲಿ ಬರುತ್ತಿತ್ತು, ಜೊತೆಗೆ ಹಸಿ ಈರುಳ್ಳಿ. ಮಧ್ಯಾಹ್ನಕ್ಕೆ ಸಾರಿನ ಜಾಗದಲ್ಲಿ ತಂಬುಳಿ. ಮಲಗುವ ಮುಂಚೆ ಅಂಗಾಲಿಗೆ ಹರಳೆಣ್ಣೆ. ಹೊರಗಿನ ಕೆಲಸ ಏನಿದ್ದರೂ ಬಿಸಿಲೇರುವ ಮೊದಲೇ. ಬಿಸಿಲಲ್ಲಿ ಬಂದವರಿಗೆ ಮೊದಲು ಕೂರಲು ಜಾಗ, ಆಮೇಲೆ ನೀರು. ಅವ್ವ ಇದಕ್ಕೆಲ್ಲ ಹೆಸರಿಟ್ಟಿರಲಿಲ್ಲ. ಅವಳು ಮನೆಗೆ ಮಾಡಿದ್ದನ್ನು ನಾನು ಶೆಡ್ಡಿಗೆ ಹೊಂದಿಸಿಕೊಂಡೆ, ಅಷ್ಟೆ.

ಹೊಂದಿಸುವುದರಲ್ಲಿ ಎಡವಟ್ಟೂ ಆಗುತ್ತಿತ್ತು. ಒಂದು ರಾಮನವಮಿಗೆ ಶೆಡ್ಡಿನಲ್ಲಿ ಪಾನಕ ಮಾಡಿದೆವು. ಬೆಲ್ಲ, ಏಲಕ್ಕಿ, ಕರಬೂಜದ ಹೋಳು. ರಾಯರು ಎರಡು ಲೋಟ ಕುಡಿದು, ತೃಪ್ತಿಯಿಂದ ಮೀಸೆ ಒರೆಸಿಕೊಂಡು, "ಇದೇ ಸರಿ ಕಣಯ್ಯಾ. ಮಳೆ ಬರೋವರೆಗೆ ದಿನಾ ಪಾನಕ" ಎಂದು ಅಪ್ಪಣೆ ಮಾಡಿದರು. ಎರಡು ದಿನ ಚೆನ್ನಾಗಿತ್ತು. ಮೂರನೆಯ ದಿನ ಎಲ್ಲಿಂದಲೋ ಜೇನುನೊಣ ಬಂದವು, ಅವುಗಳ ಹಿಂದೆ ಕಣಜ. ಆ ಹೊತ್ತಿಗೆ ಸರಿಯಾಗಿ ಒಲೆಯಿಂದ ಕಬ್ಬಿಣ ಬಿಟ್ಟಿದ್ದರು. ಕರಗಿದ ಕಬ್ಬಿಣ ಹೊರುವ ಬಕೆಟ್ಟಿಗೆ ನಾವು ಲೇಡಲ್ ಅನ್ನುತ್ತಿದ್ದೆವು. ಅದರ ಉದ್ದ ಕೋಲಿನ ಒಂದೊಂದು ತುದಿಯನ್ನು ಒಬ್ಬೊಬ್ಬರು ಹಿಡಿದು, ಒಂದೇ ಹೆಜ್ಜೆಯಲ್ಲಿ ನಡೆದು, ಮರಳಿನ ಅಚ್ಚಿಗೆ ಸುರಿಯಬೇಕು. ಮುಂದಿನ ತುದಿ ಹಿಡಿದ ಆರ್ಮುಗಂ ಕಿವಿಯ ಹತ್ತಿರ ಕಣಜ ಸುತ್ತುತ್ತಿದೆ. ಅವನು ತಲೆ ಅಲ್ಲಾಡಿಸುವ ಹಾಗಿಲ್ಲ.

"ರಾಯರೇ, ನಾನು ಕಬ್ಬಿಣ ಹಿಡೀಲಾ, ಇದನ್ನ ಹಿಡೀಲಾ? ಒಂದು ಹೇಳಿಬಿಡಿ!" ಎಂದು ಅಲ್ಲಿಂದಲೇ ಕೂಗಿದ.

ಹಿಂದಿನ ತುದಿಯಲ್ಲಿದ್ದ ಗಂಗಣ್ಣ, "ಸುಮ್ನೆ ನಡಿಯೋ ಮಾರಾಯ. ನಿನ್ನ ಕಿವಿಲಿ ಬೆಲ್ಲ ಇಲ್ಲ ಅಂತ ಗೊತ್ತಾದ್ರೆ ಅದೇ ಹೋಗುತ್ತೆ" ಅಂದ.

ಕಬ್ಬಿಣ ಸುರಿದು ಮುಗಿಯುವ ತನಕ ನಾವೆಲ್ಲ ಉಸಿರು ಹಿಡಿದು ನಿಂತಿದ್ದೆವು. ಆಮೇಲೆ ರಾಯರೇ ಪಾನಕದ ಕೊಡ ಎತ್ತಿಕೊಂಡು ಗೇಟಿನ ಕಡೆ ಓಡಿದರು. ಜೇನುನೊಣಗಳು ಶೆಡ್ಡು ಬಿಟ್ಟು ಅವರ ಹಿಂದೆ ಹೋದವು. ಆ ಬೇಸಿಗೆಯಲ್ಲಿ ಪಾನಕದ ಮಾತು ಮತ್ತೆ ಬರಲಿಲ್ಲ. ಹಬ್ಬದ ದಿನ ಒಳ್ಳೆಯದಾದದ್ದು ದಿನದ ಕೆಲಸಕ್ಕೂ ಒಳ್ಳೆಯದೇ ಆಗಬೇಕು ಅಂತೇನೂ ಇಲ್ಲ ಎಂದು ನಾನು ತಿಳಿದುಕೊಂಡೆ.

ಈ ಗಂಗಣ್ಣ, ಆರ್ಮುಗಂ ಜೋಡಿಯ ವಿಷಯ ಹೇಳಬೇಕು. ಗಂಗಣ್ಣ ನಮ್ಮ ಕಡೆಯ ಒಕ್ಕಲು ಮನೆತನದವನು, ಆಗಲೇ ಮೊಮ್ಮಗು ಕಂಡವನು. ಆರ್ಮುಗಂ ಸೇಲಂ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದು ಇಲ್ಲೇ ನಿಂತವನು. ನಾನು ಸೇರುವ ಮೊದಲಿನಿಂದಲೂ ಒಂದೇ ಕೋಲಿನ ಎರಡು ತುದಿ ಅವರದು. ಆಗ ಶೆಡ್ಡಿನಲ್ಲಿ ಜಾತಿ ನೋಡಿ ಎರಡು ಕಡೆ ಮಡಕೆ ಇಡುವ ಪದ್ಧತಿಯಿತ್ತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಇತ್ತು. ಆರ್ಮುಗಂ ಆಚೆಯ ಮಡಕೆಗೆ ಹೋಗಬೇಕಿತ್ತು. ಗಂಗಣ್ಣ ಯಾರಿಗೂ ಏನೂ ಹೇಳಲಿಲ್ಲ, ಭಾಷಣ ಮಾಡಲಿಲ್ಲ. ಕಬ್ಬಿಣ ಸುರಿದಾದ ಮೇಲೆ ಆರ್ಮುಗಂನ ಹಿಂದೆಯೇ ನಡೆದು ಆಚೆಯ ಮಡಕೆಯಲ್ಲೇ ಕುಡಿಯುತ್ತಿದ್ದ. ಹಿರಿಯನೇ ಹೋದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಹೋದರು. ಒಂದು ಬೇಸಿಗೆ ಈಚೆಯ ಮಡಕೆ ಒಡೆಯಿತು. ನಾನು ಅದರ ಜಾಗಕ್ಕೆ ಬೇರೆ ತರಲಿಲ್ಲ. ಯಾರೂ ಕೇಳಲೂ ಇಲ್ಲ.

ಎರಕ ಹೊರುವವರಲ್ಲಿ ಇನ್ನೊಂದು ಗಟ್ಟಿ ನಂಬಿಕೆಯಿತ್ತು. ಕಬ್ಬಿಣ ಸುರಿದು ಮುಗಿಯುವ ತನಕ ನೀರು ಮುಟ್ಟಬಾರದು, ಮುಟ್ಟಿದರೆ ನರ ಹಿಡಿಯುತ್ತದೆ. ಸುಮ್ಮನೆ ಹುಟ್ಟಿದ ನಂಬಿಕೆ ಅಲ್ಲ ಅದು. ಬೇಸಿಗೆಯಲ್ಲಿ ಹೊಟ್ಟೆ ತುಂಬ ನೀರು ಕುಡಿದವರಿಗೇ ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗಿ, ಅವರು ನೆಲದ ಮೇಲೆ ಹೊರಳಾಡುವುದನ್ನು ನಾನೂ ನೋಡಿದ್ದೆ. ಅದಕ್ಕೇ ನನ್ನ ಮಡಕೆಯ ಮೇಲೆ ಅವರಿಗೆ ಅನುಮಾನ. "ನಿನ್ನ ನೀರು ತಣ್ಣಗಿದ್ದಷ್ಟೂ ಅಪಾಯ ಕಣೋ ತಿಮ್ಮ" ಎನ್ನುತ್ತಿದ್ದರು.

ಮೂವತ್ತರ ದಶಕದ ಮಧ್ಯದಲ್ಲಿ ಒಬ್ಬರು ಹೊಸ ಡಾಕ್ಟರು ಬಂದರು. ವಯಸ್ಸು ಚಿಕ್ಕದು, ಮಾತು ಕಡಿಮೆ. ಒಂದು ಮಧ್ಯಾಹ್ನ ಶೆಡ್ಡಿಗೆ ಬಂದು, ಗೂಟಕ್ಕೆ ನೇತು ಹಾಕಿದ್ದ ಆರ್ಮುಗಂನ ಅಂಗಿಯ ಬೆನ್ನಿನ ಮೇಲೆ ಉಗುರು ಎಳೆದರು. ಬಿಳೀ ಪುಡಿ ಉದುರಿತು.

"ಏನಿದು?"

"ಬೆವರು ಒಣಗಿದ್ದು ಸ್ವಾಮಿ" ಅಂದ ಆರ್ಮುಗಂ.

"ನೀರು ಒಣಗಿ ಹೋಯ್ತಲ್ಲಾ, ಇದು ಯಾಕೆ ಉಳೀತು?"

ಆರ್ಮುಗಂ ಬೆರಳಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿಕೊಂಡ. "ಉಪ್ಪು!"

"ಮೈಯಿಂದ ನೀರೂ ಹೋಗ್ತಿದೆ, ಉಪ್ಪೂ ಹೋಗ್ತಿದೆ. ನೀವು ಬರೀ ನೀರು ತುಂಬಿಸ್ತೀರಿ. ಉಪ್ಪು ಕೊಡೋರು ಯಾರು? ನರ ಹಿಡಿಯೋದು ಅದಕ್ಕೇ" ಎಂದರು ಡಾಕ್ಟರು. ಆಮೇಲೆ ನನ್ನ ಕಡೆ ತಿರುಗಿ, "ಮಜ್ಜಿಗೆಗೆ ಉಪ್ಪು ಹಾಕಿ ಕೊಡಯ್ಯಾ. ಒಂದೇ ಸಲ ಅಲ್ಲ, ಸ್ವಲ್ಪ ಸ್ವಲ್ಪ, ಆಗಾಗ. ಕೆಲಸದ ನಡುವೆನೇ" ಅಂದರು.

ಒಂದೇ ದಿನಕ್ಕೆ ಯಾರೂ ಒಪ್ಪಲಿಲ್ಲ. ಗಂಗಣ್ಣ ಮೊದಲು ಒಪ್ಪಿ ಕುಡಿದ. ಅವನಿಗೆ ನರ ಹಿಡಿಯಲಿಲ್ಲ. ಮುಂದಿನ ಬೇಸಿಗೆಗೆ ಎಲ್ಲರೂ ಕುಡಿದರು. ಬೆಳಿಗ್ಗೆ ಮಜ್ಜಿಗೆ ಕಡೆದು, ನೀರು ಬೆರೆಸಿ, ಉಪ್ಪು ಹಾಕಿ, ಕೊತ್ತಂಬರಿ ಸೊಪ್ಪು, ಒಂದಿಷ್ಟು ಶುಂಠಿ ಜಜ್ಜಿ ಹಾಕಿ, ಒಂದು ಗುಟುಕು ಬಾಯಿಗೆ ಹಾಕಿಕೊಂಡು ರುಚಿ ನೋಡಿ ಆಮೇಲೆ ಮಡಕೆಗೆ ತುಂಬುತ್ತಿದ್ದೆ. ಶೆಡ್ಡಿನಲ್ಲಿ ಬಿದ್ದು ಹೊರಳಾಡುವವರು ಕಡಿಮೆಯಾದರು. ನನಗೆ ಸ್ವಲ್ಪ ಹೆಮ್ಮೆಯೂ ಬಂತು.

ಆಮೇಲೆ ಬಂತು ಆ ಬೇಸಿಗೆ. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನದು.

ಯುಗಾದಿ ಕಳೆದು ಕೆಲವು ದಿನಕ್ಕೆ ಗಂಗಣ್ಣ ನನ್ನ ಮಡಕೆಯಲ್ಲಿ ಕುಡಿಯುವುದನ್ನು ನಿಲ್ಲಿಸಿದ. ಮನೆಯಿಂದ ತಂಬಿಗೆಯಲ್ಲಿ ನೀರು ತಂದು, ಹೊಂಗೆ ನೆರಳಲ್ಲಿಟ್ಟು, ಅದನ್ನೇ ಕುಡಿಯುತ್ತಿದ್ದ. ಊಟದ ಬುತ್ತಿ ಬಿಚ್ಚಿ ಮೂಲೆಗೆ ತಿರುಗಿ ಕೂರುತ್ತಿದ್ದ. ನನ್ನ ಮೇಲೆ ಏನೋ ಸಿಟ್ಟು ಎಂದುಕೊಂಡೆ.

ಆರ್ಮುಗಂ ಒಂದು ದಿನ ಹೊಂಗೆ ಮರದ ಕೆಳಗೆ ಬಂದು ಕೂತ. ಯಾವತ್ತೂ ತಮಾಷೆ ಮಾಡುವವನ ಮುಖ ಚಿಕ್ಕದಾಗಿತ್ತು.

"ತಿಮ್ಮಪ್ಪ, ಅಣ್ಣ ಉಪ್ಪು ಬಿಟ್ಟಿದಾರೆ."

"ಅಂದ್ರೆ?"

"ಹರಕೆ. ಮಗಳು ಬಾಣಂತನಕ್ಕೆ ಬಂದಿದ್ದಾಳಲ್ಲ, ಅವಳ ದೊಡ್ಡ ಮಗು ಗೌರಿಗೆ ಮೈಮೇಲೆ ಅಮ್ಮ ಎದ್ದಿತ್ತು. ಉಳಿಯೋದೇ ಇಲ್ಲ ಅಂದ್ಕೊಂಡಿದ್ವಿ. ಮಗು ಎದ್ದು ಕೂತ್ರೆ ಕಾರಹುಣ್ಣಿಮೆ ತನಕ ಸಪ್ಪೆ ಊಟ ಮಾಡ್ತೀನಿ ಅಂತ ಮಾರಮ್ಮಂಗೆ ಹೇಳ್ಕೊಂಡ್ರು. ಮಗು ಎದ್ದು ಕೂತಿದೆ. ಈಗ ಅಣ್ಣ ಬಿದ್ದು ಹೋಗ್ತಾರೆ."

"ನರ ಹಿಡೀತಾ ಇದೆಯಾ?"

"ಮೊದಲು ಕಾಲು ಹಿಡೀತಿತ್ತು. ನಿನ್ನೆ ಬೆರಳು." ತನ್ನ ಅಂಗೈ ಬಿಚ್ಚಿ ಮುಚ್ಚಿ ತೋರಿಸಿದ. "ಕೋಲು ಹಿಡಿದ ಬೆರಳು ಹಂಗೇ ಸೆಟೆದು ಹೋಯ್ತು. ನಾನು ಲೇಡಲ್ ಮರಳಿಗೆ ಇಳಿಸ್ದೆ. ಮುಂದೆ ನಡಿಯೋನು ನಾನು. ಅವರ ಕೈ ತಪ್ಪಿದ್ರೆ ಕಬ್ಬಿಣ ಬರೋದು ನನ್ನ ಕಾಲಿಗೆ."

"ರಾಯರಿಗೆ ಹೇಳಿದೀಯಾ?"

"ಹೇಳಿದ್ರೆ ಅಣ್ಣನ್ನ ಕೋಲಿಂದ ತೆಗೀತಾರೆ. ಅದು ತೆಗೆದ್ರೆ ಅವರು ಬದುಕಲ್ಲ. ಅದಕ್ಕೇ ಇಲ್ಲಿ ಬಂದೆ."

ಹೇಳಬೇಕಾಗಿ ಬರಲಿಲ್ಲ. ಅದೇ ವಾರ ರಾಯರೇ ಕಣ್ಣಾರೆ ನೋಡಿದರು. ಲೇಡಲ್ ನೆಲಕ್ಕಿಳಿದ ಮೇಲೂ ಗಂಗಣ್ಣನ ಬೆರಳು ಕೋಲನ್ನು ಬಿಡಲಿಲ್ಲ. ಆರ್ಮುಗಂ ಒಂದೊಂದಾಗಿ ಬಿಡಿಸಿದ. ಮಾರನೆಯ ದಿನ ರಾಯರು ನನ್ನನ್ನು ಪಕ್ಕಕ್ಕೆ ಕರೆದರು.

"ಹರಕೆ ವಿಷಯ ಆರ್ಮುಗಂ ಹೇಳಿದ. ಡಾಕ್ಟರ ಹತ್ರಾನೂ ಮಾತಾಡಿದೀನಿ. ಉಪ್ಪು ತಿನ್ನಬೇಕು, ಇಲ್ಲಾ ಕೋಲು ಬಿಡಬೇಕು ಅಂದ್ರು. ನಾನು ಅವನಿಗೆ ಹೇಳಿದ್ರೆ ಕೋಲು ಬಿಡ್ತಾನೆ, ಹರಕೆ ಬಿಡಲ್ಲ. ನನಗೆ ಗೊತ್ತು." ಅತ್ತಿತ್ತ ನೋಡಿ ಧ್ವನಿ ತಗ್ಗಿಸಿದರು. "ಅವನ ತಂಬಿಗೆ ನಿನ್ನ ಮಡಕೆ ಹತ್ರಾನೇ ಇಡ್ತಾನಲ್ಲ. ಒಂದು ಚಿಟಿಕೆ ಹಾಕ್ಬಿಡು. ಪಾಪ ಬಂದ್ರೆ ನನಗಿರ್ಲಿ."

ರಾಯರು ಕೆಟ್ಟವರಲ್ಲ. ಇಬ್ಬರನ್ನೂ ಉಳಿಸುವ ದಾರಿ ಅವರಿಗೆ ಅದೊಂದೇ ಕಂಡಿತ್ತು. ನನಗೂ ಒಂದು ಗಳಿಗೆ ಹೌದೆನ್ನಿಸಿತು. ಆದರೆ ನೀರು ಕೊಡುವವನ ಕೆಲಸ ಯಾವುದರ ಮೇಲೆ ನಿಂತಿದೆ ಎಂದು ಯೋಚಿಸಿ. ಬೆಂಕಿಯ ಮುಂದಿನಿಂದ ಬಂದವನು ಕಣ್ಣು ಮುಚ್ಚಿಕೊಂಡು ಬಾಯಿ ತೆರೆಯುತ್ತಾನೆ, ಏನು ಹೊಯ್ಯುತ್ತಿದ್ದೀಯ ಎಂದು ಕೇಳುವುದಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬರುವವರು ಬೇರೆ ಎಲ್ಲ ಮರೆತರೂ ಇದನ್ನು ಮರೆಯಬೇಡಿ.

"ಆಗಲ್ಲ ಸ್ವಾಮಿ. ನಾಳೆ ಗೊತ್ತಾದ್ರೆ ಈ ಮಡಕೆಲಿ ಯಾರೂ ಕುಡಿಯಲ್ಲ. ನಾನೂ ಕುಡಿಯಲ್ಲ."

ರಾಯರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. "ಹಂಗಾದ್ರೆ ಸೋಮವಾರದಿಂದ ಅವನು ಮರಳು ಜರಡಿ ಹಿಡೀಲಿ. ನಾನೇನು ಮಾಡ್ಲಿ ಹೇಳು? ಆರ್ಮುಗಂಗೆ ಎರಡೇ ಕಾಲಿರೋದು."

ಭಾನುವಾರ ನಾನೂ ಆರ್ಮುಗಂನೂ ಗಂಗಣ್ಣನ ಮನೆಗೆ ಹೋದೆವು. ಕೆಲಸಗಾರರ ಸಾಲು ಮನೆಗಳಲ್ಲಿ ಕೊನೆಯದು. ಬಾಗಿಲಿಗೆ ಬೇವಿನ ಸೊಪ್ಪು ಇನ್ನೂ ಸಿಕ್ಕಿಸಿತ್ತು, ಒಣಗಿ ಬೂದಿ ಬಣ್ಣವಾಗಿತ್ತು. ಮಗು ಗೌರಿ ಅಂಗಳದಲ್ಲಿ ಕೋಳಿ ಓಡಿಸುತ್ತಿದ್ದಳು. ಮುಖದ ಮೇಲೆ ಸಿಡುಬಿನ ಕಲೆಗಳಿದ್ದವು, ಕಾಲಲ್ಲಿ ಮಾತ್ರ ಬೇಕಾದಷ್ಟು ಬಲವಿತ್ತು. ಗಂಗಣ್ಣ ಗೋಡೆಗೆ ಒರಗಿ ಕೂತು ಅವಳನ್ನೇ ನೋಡುತ್ತಿದ್ದ. ಅವನ ಹೆಂಡತಿ ಕೆಂಚಕ್ಕ ಮೊರ ಹಿಡಿದು ಅಕ್ಕಿ ಕೇರುತ್ತಿದ್ದಳು.

ನಾನು ರಾಯರು ಹೇಳಿದ್ದನ್ನು ಹೇಳಿದೆ. ಗಂಗಣ್ಣ ತನ್ನ ಕೈ ನೋಡಿಕೊಂಡ.

"ಜರಡಿ ಹಿಡಿ ಅಂದ್ರೆ ಹಿಡಿಯೋದು."

"ಅಣ್ಣಾ, ನಾನು ಇನ್ಯಾರ ಜೊತೆ ನಡೀಲಿ?" ಅಂದ ಆರ್ಮುಗಂ.

"ಯಾರ ಜೊತೆಗಾದ್ರೂ ನಡಿ. ಕೊಟ್ಟ ಮಾತು ಕೊಟ್ಟಾಯ್ತು. ನೋಡಲ್ಲಿ, ಓಡಾಡ್ತಾ ಇದೆ ಮಗು. ಆ ಮಾರಮ್ಮ ತನ್ನ ಮಾತು ನಡೆಸಿದ್ಲು. ನಾನು ಬಿಸಿಲು ಜಾಸ್ತಿ ಆಯ್ತು ಕಣವ್ವಾ ಅಂತ ಹೇಳ್ಲಾ?"

ಕೆಂಚಕ್ಕ ಮೊರ ಕೆಳಗಿಟ್ಟಳು. "ಹರಕೆ ಹೊರೋವಾಗ ಒಲೆ ಮುಂದೆ ನಿಲ್ಲೋನು ಅನ್ನೋ ಯೋಚನೆ ಬೇಡ್ವಾ ಇವರಿಗೆ? ಹೂವಿನ ಸೇವೆ ಅನ್ನಬೇಕಿತ್ತು, ಉರುಳು ಸೇವೆ ಅನ್ನಬೇಕಿತ್ತು. ಕಬ್ಬಿಣದ ಕೆಲಸದೋನು ಬೇಸಿಗೆಲಿ ಉಪ್ಪು ಬಿಡ್ತೀನಿ ಅಂತಾನೆ. ಅಮ್ಮನೂ ಕೇಳಿ ನಕ್ಕಿರ್ತಾಳೆ."

"ನೀನು ಬಾಯಿ ಮುಚ್ತೀಯಾ?"

"ಮುಚ್ಚಲ್ಲ. ಆರ್ಮುಗಂ ಕಾಲಿಗೆ ಕಬ್ಬಿಣ ಬಿದ್ರೆ ಆವಾಗ ಯಾರಿಗೆ ಹರಕೆ ಹೊರ್ತೀರಿ?"

ಮನೆಯವರು ಯಾರಾದರೂ ಆ ಹರಕೆಯನ್ನು ಬದಲಿಗೆ ಹಿಡಿಯಬಹುದಲ್ಲ ಎಂದು ನಾನು ಕೇಳಿದೆ. ನಮ್ಮ ಕಡೆ ಹಾಗೆ ಉಂಟು. ಗಂಡ ಹೊತ್ತದ್ದನ್ನು ಹೆಂಡತಿ, ತಾಯಿ ಹೊತ್ತದ್ದನ್ನು ಮಗ ತೀರಿಸುತ್ತಾರೆ.

"ನಂದು ಆಗಲೇ ಒಪ್ಪೊತ್ತು ನಡೀತಿದೆ. ದಿನಕ್ಕೊಂದೇ ಊಟ, ಅದೂ ಸಪ್ಪೆ ಮಾಡ್ಕೊಂಡ್ರೆ ಬಾಣಂತಿಗೆ ನೀರು ಹೊತ್ತು ಹಾಕೋರು ಯಾರು?" ಅಂದಳು ಕೆಂಚಕ್ಕ. "ಮಗಳು ಹಾಲು ಕುಡ್ಸೋಳು, ಅವಳ ಕೈಲಿ ಹಿಡಿಸೋ ಹಾಗಿಲ್ಲ. ಅಳಿಯ ದೂರ ಇದಾನೆ. ಗಂಡು ಮಕ್ಕಳನ್ನ ಆ ದೇವರು ಕೊಡ್ಲಿಲ್ಲ."

"ನಾನು ಹಿಡೀತೀನಿ" ಅಂದೆ. ಬಾಯಿಂದ ಬಂದ ಮೇಲೆ ನನಗೇ ಆಶ್ಚರ್ಯವಾಯಿತು. "ನಾನು ನೆರಳಲ್ಲಿ ಇರೋನು. ಬೆವರೋದು ಕಡಿಮೆ. ನನಗೆ ಏನೂ ಆಗಲ್ಲ."

ಗಂಗಣ್ಣ ಮೊದಲ ಸಲ ನಕ್ಕ. "ನೀನ್ಯಾವ ಮನೆಯೋನೋ? ಮಡಕೆ ಕಾಯೋನು ನಮ್ಮ ಮನೆ ಹರಕೆ ಹೊರ್ತಾನಂತೆ. ರಕ್ತ ಬೇಕು ಕಣಯ್ಯಾ ಅದಕ್ಕೆ."

ಕೆಂಚಕ್ಕ ಎದ್ದು ಅಂಗಳಕ್ಕೆ ಹೋದಳು. ಓಡುತ್ತಿದ್ದ ಗೌರಿಯನ್ನು ಎತ್ತಿಕೊಂಡು ಬಂದು ನನ್ನ ತೊಡೆಯ ಮೇಲೆ ಕೂರಿಸಿದಳು. ಮಗುವಿಗೆ ಕೋಳಿ ತಪ್ಪಿ ಹೋದ ಸಿಟ್ಟು. ನನ್ನ ಮೂಗು ಹಿಡಿದು ಎಳೆಯಿತು.

"ಇವತ್ತಿಂದ ತಿಮ್ಮಪ್ಪ ಇವಳಿಗೆ ಸೋದರಮಾವ. ನನ್ನ ಮಗಳಿಗೆ ಅಣ್ಣ. ನನಗೆ ಮಗ. ನಾನು ಹೇಳ್ತಿದೀನಿ, ಹೆತ್ತೋಳು ಹೇಳ್ಬೋದು ತಾನೆ? ಅದೂ ಸಾಲದು ಅಂದ್ರೆ ನಡೀರಿ, ಅಮ್ಮನ್ನೇ ಕೇಳೋಣ."

ಮಾರಮ್ಮನ ಗುಡಿ ಸಾಲು ಮನೆಗಳ ಹಿಂದೆಯೇ. ಚಿಕ್ಕದು, ಹೆಂಚಿನದು. ಹೂ ಕೇಳುವುದು ಎಂದರೆ, ನೆನೆಸಿದ ಹೂವಿನ ಎಸಳುಗಳನ್ನು ದೇವಿಯ ಕಲ್ಲಿನ ಎರಡೂ ಭುಜಕ್ಕೆ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ ಎಂದರ್ಥ. ಪೂಜೆ ಮಾಡುವ ಮುದುಕಿ ಎಸಳು ಅಂಟಿಸಿ, ನಮ್ಮ ವಿಷಯ ದೇವಿಗೆ ಜೋರಾಗಿ ಹೇಳಿ, ಪಕ್ಕಕ್ಕೆ ಕೂತಳು.

ಎಸಳು ಬೀಳಲಿಲ್ಲ. ಮಟಮಟ ಮಧ್ಯಾಹ್ನ. ಕೆಂಚಕ್ಕ ಕೈ ಮುಗಿದು ಕಣ್ಣು ಮುಚ್ಚಿದ್ದಳು. ಆರ್ಮುಗಂ ತಮಿಳಿನಲ್ಲಿ ಏನೋ ಗೊಣಗುತ್ತಿದ್ದ. ಗಂಗಣ್ಣ ಮಾತ್ರ ಕಣ್ಣು ಮಿಟುಕಿಸದೆ ಕಲ್ಲನ್ನೇ ನೋಡುತ್ತಿದ್ದ. ಎಡಗಡೆಯ ಎಸಳಿನ ತುದಿ ಸ್ವಲ್ಪ ಮೇಲೆದ್ದಿತು.

"ಅಮ್ಮನಿಗೆ ನಿದ್ದೆ ಹೊತ್ತೇನೋ" ಎಂದು ಆರ್ಮುಗಂ ಪಿಸುಗುಟ್ಟಿದ. ಕೆಂಚಕ್ಕ ಕಣ್ಣು ಬಿಡದೆಯೇ ಅವನ ತೊಡೆ ಚಿವುಟಿದಳು.

ಬಲಗಡೆ ಒಂದು ಪುಟ್ಟ ಕಿಟಕಿಯಿತ್ತು. ಅದರಿಂದ ಹೊರಗಿನ ಬಿಸಿಗಾಳಿ ಒಂದು ಸಲ ಬೀಸಿತು. ಬಲಭುಜದ ಎಸಳು ಕಲ್ಲನ್ನು ಬಿಟ್ಟು, ಜಾರಿ, ದೇವಿಯ ಪಾದದ ಹತ್ತಿರ ಬಿತ್ತು. ಒದ್ದೆ ಆರಿದ್ದಕ್ಕೋ, ಅಮ್ಮನ ಮನಸ್ಸಿಗೆ ಬಂದದ್ದಕ್ಕೋ ನಾನು ಹೇಳಲಾರೆ. ಮುದುಕಿ ಅದನ್ನು ಎತ್ತಿ ನನ್ನ ಕೈಗೆ ಕೊಟ್ಟಳು.

ಗುಡಿಯ ಹೊರಗೆ ಬಂದ ಮೇಲೆ ಗಂಗಣ್ಣ, "ಕಾರಹುಣ್ಣಿಮೆ ತನಕ ಕಣೋ. ಒಂದು ಕಲ್ಲುಪ್ಪೂ ಇಲ್ಲ. ಉಪ್ಪಿನಕಾಯಿನೂ ಇಲ್ಲ, ಹಪ್ಪಳನೂ ಇಲ್ಲ. ಆಗುತ್ತಾ ನಿನ್ನ ಕೈಲಿ?" ಅಂದ.

"ಆಗುತ್ತೆ ಗಂಗಣ್ಣ."

"ಗಂಗಣ್ಣ ಅಂತೆ! ಅಪ್ಪಾ ಅನ್ನು. ಇನ್ಮೇಲೆ ಬೈದ್ರೆ ಬೈಸ್ಕೋಬೇಕು" ಎಂದು ನನ್ನ ಬೆನ್ನ ಮೇಲೆ ಗುದ್ದಿದ. ಆ ಕೈಯಲ್ಲಿ ಬಲವಿರಲಿಲ್ಲ.

ಸೋಮವಾರ ಬೆಳಿಗ್ಗೆ ರಾಯರಿಗೆ ವಿಷಯ ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೇಳದೇನೆ ಮಾಡೋನು ಬೇಕು ಅಂದಿದ್ದು ನಾನೇ" ಎಂದು ಹೊರಟು ಹೋದರು. ಡಾಕ್ಟರು ಗಂಗಣ್ಣನನ್ನು ಕೆಲವು ದಿನ ಕೋಲಿನಿಂದ ದೂರ ಇಟ್ಟು, ಆಮೇಲೆ ಸೇರಿಸಿ ಎಂದರು. ನಾನು ಎಂದಿನ ಹಾಗೆ ಮಜ್ಜಿಗೆ ಕಡೆದೆ, ಉಪ್ಪು ಹಾಕಿದೆ, ರುಚಿ ನೋಡಲು ಸೌಟು ಬಾಯಿಯ ಹತ್ತಿರ ತಂದೆ. ಅಲ್ಲೇ ಕೈ ನಿಂತಿತು.

ಇದು ಯಾರ ತಲೆಗೂ ಹೊಳೆದಿರಲಿಲ್ಲ. ಶೆಡ್ಡಿನ ಮಜ್ಜಿಗೆಗೆಲ್ಲ ಉಪ್ಪು ಹಾಕುವವನು ಉಪ್ಪು ಮುಟ್ಟುವ ಹಾಗಿಲ್ಲ! ಸೌಟು ಹಿಡಿದುಕೊಂಡು ನಿಂತಿದ್ದವನನ್ನು ಗಂಗಣ್ಣ ನೋಡಿದ. ಮರಳಿನ ಗುಡ್ಡೆಯಿಂದ ಎದ್ದು ಬಂದು ಸೌಟು ಇಸಿದುಕೊಂಡು ಒಂದು ಗುಟುಕು ಕುಡಿದ. ಎಷ್ಟೋ ದಿನದ ಮೇಲೆ ಅವನ ನಾಲಿಗೆಗೆ ಬಿದ್ದ ಉಪ್ಪು ಅದು. ಕಣ್ಣು ಮುಚ್ಚಿಕೊಂಡ. ನಾನು ಕಾಯುತ್ತ ನಿಂತೆ.

"ತಿಮ್ಮ, ಇಷ್ಟು ವರ್ಷ ಹಿಂಗೇ ಹಾಕ್ತಿದ್ಯಾ?"

"ಹೌದು. ಯಾಕೆ, ಜಾಸ್ತಿ ಆಯ್ತಾ?"

"ಕಡಿಮೆ ಕಣೋ. ನೀನು ಹೊಂಗೆ ನೆರಳಲ್ಲಿ ಕೂತು ರುಚಿ ನೋಡ್ತೀಯಾ, ನಿನಗೆ ಇದೇ ಸರಿ ಅನ್ಸುತ್ತೆ. ಅಲ್ಲಿಂದ ಬಂದೋನಿಗೆ ಇದು ಸಪ್ಪೆ." ಆರ್ಮುಗಂನನ್ನು ಕೂಗಿ ಕರೆದ. "ಬಾರೋ ಇಲ್ಲಿ, ಒಂದು ಗುಟುಕು ಕುಡಿ. ಏನನ್ಸುತ್ತೆ?"

ಆರ್ಮುಗಂ ಕುಡಿದು ತುಟಿ ಒರೆಸಿಕೊಂಡ. "ಸಪ್ಪೆನೇ ಅಣ್ಣ. ಯಾವತ್ತೂ ಸಪ್ಪೆನೇ. ಪಾಪ, ಅವನು ಅಷ್ಟು ಕಷ್ಟಪಟ್ಟು ಮಾಡ್ತಾನೆ ಅಂತ ನಾವ್ಯಾರೂ ಹೇಳ್ತಿರ್ಲಿಲ್ಲ."

ನಾನು ಇನ್ನೊಂದು ಹಿಡಿ ಹಾಕಿದೆ. ಗಂಗಣ್ಣ ಮತ್ತೆ ರುಚಿ ನೋಡಿ ತಲೆಯಾಡಿಸಿದ. ಅವತ್ತಿನಿಂದ ಕಾರಹುಣ್ಣಿಮೆಯ ತನಕ ದಿನಾ ಬೆಳಿಗ್ಗೆ ಅವನೇ ರುಚಿಯ ಮೇಸ್ತ್ರಿ. ಕೋಲಿಗೆ ಮರಳಿದ ಮೇಲೂ ಬಿಡಲಿಲ್ಲ. ಮೊದಲ ಲೇಡಲ್ ಸುರಿದು, ಬೆವರು ಸುರಿಸುತ್ತಲೇ ಬಂದು ಸೌಟಿಗೆ ಕೈ ಚಾಚುತ್ತಿದ್ದ. "ಇವತ್ತು ಸರಿ." "ಇವತ್ತು ಬಿಸಿಲು ಜೋರು, ಇನ್ನೊಂದು ಚಿಟಿಕೆ ಹಾಕು." "ಮೋಡ ಇದೆ, ಸಾಕು." ಬೆರಳು ಮತ್ತೆ ಸೆಟೆಯಲಿಲ್ಲ. ಆರ್ಮುಗಂನ ಕಿವಿಯ ಹತ್ತಿರ ಕಣಜ ಬಾರದಿದ್ದರೂ ಅವನ ಬಾಯಿ ಮೊದಲಿನ ಹಾಗೆ ನಡೆಯತೊಡಗಿತು. ನನ್ನ ಬುತ್ತಿಯ ಸಪ್ಪೆ ಅನ್ನ ನೋಡಿ, "ತಿಮ್ಮಪ್ಪ, ಇದಕ್ಕಿಂತ ಆ ಮರಳು ರುಚಿ ಇರುತ್ತೆ" ಅನ್ನುತ್ತಿದ್ದ.

ಕಾರಹುಣ್ಣಿಮೆಗೆ ಮುಂಚೆಯೇ ಮಳೆ ಹಿಡಿಯಿತು. ಹಬ್ಬದ ದಿನ ಕೆಂಚಕ್ಕ ನನ್ನನ್ನು ಊಟಕ್ಕೆ ಕರೆದಳು. ಎಲೆ ಹಾಕಿ, ಬೇರೆ ಏನನ್ನೂ ಬಡಿಸುವ ಮೊದಲು ಗೌರಿಯ ಕೈಗೆ ಒಂದು ಹರಳು ಉಪ್ಪು ಕೊಟ್ಟು, "ಮಾವನ ಎಲೆಗೆ ಹಾಕು" ಅಂದಳು. ಮಗು ಅದನ್ನು ಎಲೆಗೆ ಹಾಕಲಿಲ್ಲ. ನೇರ ನನ್ನ ಬಾಯಿಗೆ ತುರುಕಿತು. ಗಂಗಣ್ಣ ಎದುರು ಕೂತು, ನಾನು ಅವನ ಬಾಯಿ ನೋಡುತ್ತಿದ್ದ ಹಾಗೆಯೇ ನನ್ನ ಬಾಯಿ ನೋಡುತ್ತಿದ್ದ.

"ಹೆಂಗಿದೆಯೋ?"

ನಾನು ಗೌರಿಯ ಮುಂದೆ ಮತ್ತೆ ಬಾಯಿ ತೆರೆದೆ.

ಆಮೇಲೆ ಕೆಲಸದಲ್ಲಿದ್ದಷ್ಟು ಕಾಲ ನಾನು ಮಜ್ಜಿಗೆಯ ರುಚಿ ನೋಡಲಿಲ್ಲ. ಹರಕೆ ಮುಗಿದಿತ್ತು, ನೋಡಬಹುದಿತ್ತು. ಆದರೂ ಸೌಟನ್ನು ಒಲೆಯ ಕಡೆಯಿಂದ ಬಂದವನ ಕೈಗೇ ಕೊಡುತ್ತಿದ್ದೆ. ಈಗಲೂ ಚೈತ್ರ ಬಂತೆಂದರೆ ಮನೆಯಲ್ಲಿ ನಾನೇ ಮಜ್ಜಿಗೆ ಕಡೆಯುವುದು. ಕಡೆದಿಟ್ಟು ಜಗಲಿಯಲ್ಲಿ ಕೂರುತ್ತೇನೆ. ಬಿಸಿಲಲ್ಲಿ ಯಾರಾದರೂ ಬರುತ್ತಾರೆ, ಸೌದೆಯವನೋ, ಅಂಚೆಯವನೋ. ಮೊದಲು ಕೂರಲು ಜಾಗ ಕೊಟ್ಟು, ಆಮೇಲೆ ಲೋಟ ಕೈಗಿಟ್ಟು, ಉಪ್ಪು ಸರಿ ಇದೆಯೇನಪ್ಪಾ ಎಂದು ಕೇಳುತ್ತೇನೆ. ಹೋದ ಬೇಸಿಗೆ ಗೌರಿ ತನ್ನ ಮೊಮ್ಮಗನ ಜೊತೆ ಭದ್ರಾವತಿಯಿಂದ ಬಿಸಿಲಲ್ಲೇ ಬಂದಿದ್ದಳು. ಒಂದೇ ಗುಟುಕಿಗೆ ಲೋಟ ಕೆಳಗಿಟ್ಟು, "ಮಾವ, ಸಪ್ಪೆ" ಅಂದಳು. ನಾನು ಎದ್ದು ಉಪ್ಪಿನ ಮರಿಗೆಯನ್ನು ತಂದೆ.